ರದ್ದಿಯೊಳಗಿನ ಮೂರು ಮಿಲಿಬಾರ್

ಸಾಲಗುಂದದ ಹೊನ್ನೂರಪ್ಪನಿಗೆ ನೀರಿನ ವಿಷಯದಲ್ಲಿ ಯಾರಾದರೂ ಬುದ್ಧಿ ಹೇಳಲು ಬಂದರೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತೊಂದು ವರ್ಷ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿ ದುಡಿದವನು. ಕಾಲುವೆಯ ಗೋಡೆಗೆ ಬಡಿದ ಅಳತೆಪಟ್ಟಿಯ ಮೇಲೆ ನೀರು ಎಲ್ಲಿಗೆ ಮುಟ್ಟಿದೆ ಎಂದು ದಿನಕ್ಕೆ ಮೂರು ಸಲ ಓದಿ ಆಫೀಸಿಗೆ ತಿಳಿಸುವುದು ಅವನ ಕೆಲಸ. ಆ ಪಟ್ಟಿಗೆ ಗೇಜ್ ಎನ್ನುತ್ತಾರೆ. ಊರವರು ಅವನನ್ನು ಗೇಜ್ ಹೊನ್ನೂರಪ್ಪ ಅಂತಲೇ ಕರೆಯುತ್ತಿದ್ದರು. ಕೆಲಸ ಬಿಟ್ಟು ಐದು ವರ್ಷವಾದರೂ ಆ ಹೆಸರು ಹೋಗಿರಲಿಲ್ಲ, ಹೆಸರಿನ ಜೊತೆಗೆ ಬಂದ ಜಂಬವೂ ಹೋಗಿರಲಿಲ್ಲ.

ಇಂಥ ಮನುಷ್ಯ ಆ ಭಾನುವಾರ ಬೆಳಿಗ್ಗೆಯಿಂದ ಸೊಸೆಯ ಲ್ಯಾಪ್‌ಟಾಪಿನ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದ. ಕಾರಣ ಒಂದೇ, ಮಗ ಸಿದ್ದರಾಮೇಶ. ಅವನು ಇಂಡೊನೇಷ್ಯಾದಿಂದ ಕಲ್ಲಿದ್ದಲು ತರುವ ಒಂದು ಹಡಗಿನಲ್ಲಿ ಥರ್ಡ್ ಮೇಟ್, ಅಂದರೆ ಕಪ್ತಾನನ ಕೈಕೆಳಗಿನ ಮೂರನೆಯ ಅಧಿಕಾರಿ. ಕಾಲುವೆ ನೀರು ಬಿಟ್ಟರೆ ಬೇರೆ ನೀರು ಕಾಣದ ಮನೆಯ ಹುಡುಗ ಸಮುದ್ರಕ್ಕೆ ಹೇಗೆ ಹೋದ ಎಂದು ಯಾರಾದರೂ ಕೇಳಿದರೆ ಹೊನ್ನೂರಪ್ಪನ ಉತ್ತರ ತಯಾರಿರುತ್ತಿತ್ತು: ಕಾಲುವೆ ಹಿಡಿದು ಹೋದರೆ ಹೊಳೆ, ಹೊಳೆ ಹಿಡಿದು ಹೋದರೆ ಸಮುದ್ರ, ಅದರಲ್ಲಿ ಕೇಳುವುದೇನಿದೆ? ಕಾಲುವೆ ಹೊಳೆಯಿಂದ ಬರುತ್ತದೆಯೇ ಹೊರತು ಹೊಳೆಗೆ ಹೋಗುವುದಿಲ್ಲ ಎಂದು ಅವನಿಗೆ ಎದುರು ಹೇಳುವ ಧೈರ್ಯ ಊರಲ್ಲಿ ಯಾರಿಗೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಸಿದ್ದರಾಮೇಶನಿಂದ ಸೊಸೆಯ ಮೊಬೈಲಿಗೆ ಒಂದು ಸಂದೇಶ ಬಂದಿತ್ತು. ಗಾಳಿ ಎದ್ದಿದೆ, ಕಪ್ತಾನ ದಾರಿ ಬದಲಿಸುವ ಮಾತಾಡುತ್ತಿದ್ದಾನೆ, ಆಮೇಲೆ ಫೋನ್ ಮಾಡುತ್ತೇನೆ ಎಂದಿತ್ತು. ಅಷ್ಟೇ. ಸಂಜೆಗೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಚಂಡಮಾರುತವಾಯಿತೆಂದು ಸುದ್ದಿ ಬಂತು. ಆಮೇಲೆ ಅವನಿಂದ ಫೋನೂ ಇಲ್ಲ, ಸಂದೇಶವೂ ಇಲ್ಲ. ಹಡಗು ಎಲ್ಲಿದೆ ಎಂದು ತೋರಿಸುವ ಆ್ಯಪ್ ಒಂದಿತ್ತು, ಆದರೆ ಅದು ಹಡಗು ದಡದ ಹತ್ತಿರ ಬಂದರೆ ಮಾತ್ರ ತೋರಿಸುವಂಥದ್ದು. ಮುಂಬೈಯ ಕಂಪನಿಗೆ ಫೋನ್ ಮಾಡಿದರೆ ಎತ್ತಿದ ಹುಡುಗಿ, ಇವತ್ತು ಭಾನುವಾರ, ವಿಚಾರಿಸಿ ತಿಳಿಸುತ್ತೇವೆ ಎಂದು ಇಟ್ಟುಬಿಟ್ಟಳು. ಅವಳ ದನಿ ಎಷ್ಟು ಮೆತ್ತಗಿತ್ತೆಂದರೆ ಹೊನ್ನೂರಪ್ಪನಿಗೆ ಇನ್ನಷ್ಟು ಹೆದರಿಕೆಯಾಯಿತು.

ಲೆಕ್ಕ ಸುಲಭವಿತ್ತು, ಸುಲಭವಿದ್ದದ್ದೇ ಕಷ್ಟ. ಹಡಗು ಶನಿವಾರ ಹಿಡಿದಿದ್ದ ದಾರಿಯಲ್ಲೇ ನೆಟ್ಟಗೆ ಬಂದಿದ್ದರೆ ಭಾನುವಾರ ಬೆಳಗಾಗುವಷ್ಟರಲ್ಲಿ ಚಂಡಮಾರುತದ ಹೊಟ್ಟೆಯೊಳಗಿರುತ್ತದೆ. ಸಮಯಕ್ಕೆ ಸರಿಯಾಗಿ ದಕ್ಷಿಣಕ್ಕೆ ತಿರುಗಿದ್ದರೆ ಪಾರು. ತಿರುಗಿತೋ ಇಲ್ಲವೋ, ಇಷ್ಟು ತಿಳಿದರೆ ಸಾಕಿತ್ತು.

ಟಿವಿಯವರಿಗೆ ಇಂಥ ದಿನವೆಂದರೆ ಹಬ್ಬ. ಒಬ್ಬಾಕೆ ರೇನ್‌ಕೋಟು ಹಾಕಿಕೊಂಡು ಸ್ಟುಡಿಯೋದೊಳಗೇ ನಿಂತು ಕೂಗುತ್ತಿದ್ದಳು. ಹೊನ್ನೂರಪ್ಪನ ಹೆಂಡತಿ ಮುದುಕಮ್ಮ ಎರಡು ನಿಮಿಷ ನೋಡಿದಳು, ಟಿವಿ ಆರಿಸಿದಳು, ರಿಮೋಟನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಬಿಗಿದಳು. ಆಕೆ ರೊಟ್ಟಿ ಬಡಿಯಲು ಕೂತಳು. ಬಡಿಯುತ್ತಲೇ ಹೋದಳು. ಮೂರು ಜನರ ಮನೆಯಲ್ಲಿ ಹನ್ನೊಂದು ಗಂಟೆಗೆಲ್ಲ ಇಪ್ಪತ್ತಾರು ರೊಟ್ಟಿಯಾಗಿದ್ದವು.

ಸೊಸೆ ಮಮತಾ ಮಸ್ಕಿಯ ಹುಡುಗಿ. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಳು, ಅದರ ಜೊತೆಗೆ ಪಿಎಚ್‌ಡಿ ಮಾಡುತ್ತಿದ್ದಳು. ದಿನಾ ಸಿಂಧನೂರಿಗೆ ಹೋಗಿ ಬಸ್ಸು ಹಿಡಿದು, ತವರೂರಿನ ನಡುವೆಯೇ ಹಾಯ್ದು ಲಿಂಗಸುಗೂರಿಗೆ ಹೋಗಿ ಬರುವುದು ಅವಳ ಪಾಡು. ಅವಳ ಪಿಎಚ್‌ಡಿ ಯಾವುದರ ಮೇಲೆ ಎಂದು ಮೊದಲ ಸಲ ಕೇಳಿದಾಗ ಹೊನ್ನೂರಪ್ಪ ನಕ್ಕಿದ್ದ. ಸಮುದ್ರದಿಂದ ಇಷ್ಟು ದೂರ ಕೂತು, ಸಮುದ್ರದ ಮೇಲಿನ ಗಾಳಿ ಎಷ್ಟು ಭಾರ ಇದೆ ಎಂದು ಲೆಕ್ಕ ಹಾಕುತ್ತಾಳಂತೆ. ಅದೂ ಆಕಾಶದಲ್ಲಿ ತಿರುಗುವ ಉಪಗ್ರಹವನ್ನು ಕೇಳಿ.

ಆಕೆ ಬೇಜಾರು ಮಾಡಿಕೊಳ್ಳದೆ ತಿಳಿಸಿ ಹೇಳಿದ್ದಳು. ಉಪಗ್ರಹಕ್ಕೆ ಗಾಳಿ ಕಾಣುವುದಿಲ್ಲ. ಗಾಳಿ ಬೀಸಿದರೆ ಸಮುದ್ರದ ಮೈಮೇಲೆ ಸಣ್ಣ ಸಣ್ಣ ನಿರಿಗೆ ಏಳುತ್ತವಲ್ಲ, ಅವು ಕಾಣುತ್ತವೆ. ನಿರಿಗೆ ನೋಡಿ ಗಾಳಿ ಎಷ್ಟು ಜೋರು, ಯಾವ ದಿಕ್ಕು ಎಂದು ಹೇಳಬಹುದು. ಗಾಳಿ ಗೊತ್ತಾದರೆ ಅದರ ಹಿಂದಿನ ಒತ್ತಡ ಯಾವ ಕಡೆ ಹೆಚ್ಚು, ಯಾವ ಕಡೆ ಕಡಿಮೆ, ಎಷ್ಟು ಬೇಗ ಇಳಿಯುತ್ತದೆ ಎಂದು ಲೆಕ್ಕ ಸಿಗುತ್ತದೆ. ಆದರೆ ಇಂಥ ಜಾಗದಲ್ಲಿ ಒತ್ತಡ ಇಷ್ಟೇ ಎಂದು ಹೇಳಬೇಕಾದರೆ ಬರೀ ಗಾಳಿ ಸಾಲದು. ಸಮುದ್ರದ ಮೇಲೆ ಯಾರಾದರೂ ಒಬ್ಬರು ನಿಂತು ಬ್ಯಾರೋಮೀಟರು ನೋಡಿ ಒಂದು ಅಂಕಿ ಕೊಡಬೇಕು. ಆ ಒಂದಕ್ಕೆ ಉಳಿದದ್ದನ್ನೆಲ್ಲ ಕಟ್ಟಬಹುದು.

ಆಗ ಹೊನ್ನೂರಪ್ಪನ ನಗು ನಿಂತಿತ್ತು. "ನೀರು ಓಡೋ ಜೋರು ನೋಡಿ ಕಾಲುವಿ ಇಳಿಜಾರು ಹೇಳಬಹುದು," ಎಂದಿದ್ದ ಅವನು, "ಆದ್ರ ನೀರು ಎಷ್ಟು ಐತಿ ಅಂತ ಹೇಳಾಕ ಒಂದರ ಗೇಜ್ ಬೇಕು. ಅಷ್ಟ ಅಲ್ಲನು ನೀ ಹೇಳೂದು?" ಅಷ್ಟೇ ಎಂದಿದ್ದಳು ಮಮತಾ. ತನ್ನ ಗೈಡ್ ಮೂರು ಪುಟದಲ್ಲಿ ಹೇಳುವುದನ್ನು ಮಾವ ಎರಡು ಮಾತಿನಲ್ಲಿ ಹೇಳಿದರೆಂದು ಕಾಲೇಜಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಅಂದಿನಿಂದ ಮಾವ ಸೊಸೆಗೆ ಬಹಳ ದೋಸ್ತಿ.

ಸಮುದ್ರದ ಮೇಲೆ ಗೇಜ್ ಓದುವವರೂ ಇದ್ದರು. ಬಂಗಾಳ ಕೊಲ್ಲಿಯಲ್ಲಿ ಓಡಾಡುವ ಹಡಗುಗಳು ಹೊತ್ತು ಹೊತ್ತಿಗೆ ಹವಾಮಾನದ ಅಂಕಿ ಕಳಿಸುತ್ತವೆ, ಅವೆಲ್ಲ ಮಮತಾಳ ಪಟ್ಟಿಗೂ ಬರುತ್ತವೆ. ಆದರೆ ಕಳ್ಳರ ಭಯಕ್ಕೋ ಇನ್ನಾವುದಕ್ಕೋ ಹಡಗಿನ ಹೆಸರು ಮುಚ್ಚಿರುತ್ತಾರೆ. ಪ್ರತಿಯೊಂದರ ಮುಂದೆಯೂ ಬರೀ 'ಹಡಗು' ಎಂದಿರುತ್ತದೆ. ಎಲ್ಲಿ, ಎಷ್ಟು ಹೊತ್ತಿಗೆ, ಒತ್ತಡ ಎಷ್ಟು, ಇಷ್ಟೇ. ಗಂಡನ ಹಡಗೂ ಅವುಗಳಲ್ಲಿ ಒಂದಿರಬೇಕು, ಆದರೆ ಯಾವುದೆಂದು ಹೇಳುವವರಿಲ್ಲ.

ಭಾನುವಾರ ಬೆಳಗಿನ ಉಪಗ್ರಹದ ಗಾಳಿ ಬಂದಾಗ ಮಮತಾ ನಕ್ಷೆ ಮಾಡಿದಳು. ಒತ್ತಡದ ಗೆರೆಗಳು ಸುತ್ತು ಸುತ್ತಾಗಿ ಒಂದು ಕಡೆ ಒತ್ತೊತ್ತಾಗಿ ಸೇರಿಕೊಂಡಿದ್ದವು. ನಡುವಿನಲ್ಲಿ ಒತ್ತಡ ಬರೀ ಒಂಬೈನೂರ ಎಂಬತ್ತಾರು ಮಿಲಿಬಾರ್, ಎಂದಿನ ದಿನ ಅಲ್ಲಿ ಸಾವಿರದ ಮೇಲಿರುತ್ತದೆ. ಸಮುದ್ರದಲ್ಲಿ ಲಂಗರು ಹಾಕಿ ತೇಲಿಬಿಟ್ಟ ಒಂದು ಯಂತ್ರದ ಅಂಕಿಗೆ ಅದನ್ನು ಕಟ್ಟಿದ್ದಳು, ಅದು ನಂಬಿಕೆಯ ಯಂತ್ರ. ಒತ್ತೊತ್ತಾಗಿರುವ ಕಡೆ ಏನಿರುತ್ತದೆ ಎಂದು ಹೊನ್ನೂರಪ್ಪ ಕೇಳಲಿಲ್ಲ. ಇಳಿಜಾರು ಕಡಿದಾದರೆ ನೀರು ಏನು ಮಾಡುತ್ತದೆಂದು ಅವನಿಗೆ ಗೊತ್ತಿತ್ತು.

ಮಧ್ಯಾಹ್ನ ಒಂದೂವರೆಗೆ ಹಡಗುಗಳ ಹೊಸ ಪಟ್ಟಿ ಬಂತು. ಬೆಳಿಗ್ಗೆ ಹನ್ನೊಂದೂವರೆಯ ಅಂಕಿಗಳು. ಮಮತಾ ಒಂದೊಂದಾಗಿ ನೋಡುತ್ತ ಹೋದಳು. ಹದಿನೇಳು ಹಡಗು. ಇಂಡೊನೇಷ್ಯಾದ ದಾರಿಯಲ್ಲಿ ಬರುವ ಹಡಗು ಇವತ್ತು ಇರಬಹುದಾದ ಜಾಗದಲ್ಲಿ ನಾಲ್ಕು. ಒಂದು ಚಂಡಮಾರುತದ ಅಂಚಿನಲ್ಲೇ ಸಿಕ್ಕಿಕೊಂಡಿತ್ತು, ಉಳಿದವು ದೂರ. ನಾಲ್ಕರಲ್ಲಿ ಯಾವುದು ಬೇಕಾದರೂ ಇವರದಿರಬಹುದು. ನಾಲ್ಕೂ ಇವರದಲ್ಲದೆಯೂ ಇರಬಹುದು. ಮಮತಾ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡಳು.

ಹೊನ್ನೂರಪ್ಪನ ಕಣ್ಣು ಪಟ್ಟಿಯ ಕೆಳಗಡೆ ಹೋಯಿತು. ಅಲ್ಲಿ ಒಂದು ಸಾಲು ಕೆಂಪಾಗಿತ್ತು. ಇದೇನೆಂದು ಕೇಳಿದ. ಅದು ರದ್ದಿ ಎಂದಳು ಸೊಸೆ. ತನ್ನ ನಕ್ಷೆಗೂ ಹಡಗಿನವರ ಅಂಕಿಗೂ ಎರಡು ಮಿಲಿಬಾರಿಗಿಂತ ಹೆಚ್ಚು ಫರಕು ಬಂದರೆ ಅಂಥದ್ದನ್ನು ತೆಗೆದು ಹಾಕುವಂತೆ ಪ್ರೋಗ್ರಾಮು ಬರೆದಿದ್ದಾಳೆ. ಹಡಗಿನವರ ಬ್ಯಾರೋಮೀಟರು ಕೆಟ್ಟಿರುತ್ತದೆ, ಕೆಲವರು ನೋಡದೆಯೇ ಬರೆದುಬಿಡುತ್ತಾರೆ, ದಿನಕ್ಕೊಂದೆರಡು ಇಂಥವು ಇದ್ದೇ ಇರುತ್ತವೆ. ಈ ಹಡಗು ಇರುವ ಕಡೆ ನಕ್ಷೆ ಒಂದು ಸಾವಿರದ ಮೂರು ಅನ್ನುತ್ತದೆ, ಇವನು ಒಂದು ಸಾವಿರದ ಆರು ಅಂತ ಕಳಿಸಿದ್ದಾನೆ.

ಹೊನ್ನೂರಪ್ಪನಿಗೆ ಆ ಹೊತ್ತಿನಲ್ಲೂ ಸಿಟ್ಟು ಬಂತು. ಮೂವತ್ತೊಂದು ವರ್ಷ ಆಫೀಸಿನಲ್ಲಿ ಕೂತವರು ಅವನಿಗೆ ಇದೇ ಮಾತು ಹೇಳಿದ್ದರು, ನೋಡದೆ ಬರೆದಿದ್ದೀಯ ಎಂದು. ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು ದಂಡೆಯ ಮೇಲೆ ಹೋಗಿ ನೋಡಿ ಬಂದವನಿಗೆ.

"ಗೇಜ್ ಓದಿದಾಂವ ಸುಳ್ಳ ಅನ್ನೂಕಿಂತ ಮದ್ಲ, ಗೇಜ್ ಎಲ್ಲಿ ಬಡದಾರ ಅಂತ ಕೇಳಬೇಕವ್ವ," ಎಂದ. "ಹಡಗಿನ್ಯಾಗ ಅದನ್ನ ಎಲ್ಲಿ ಬಡದಿರತಾರ?"

ಮಮತಾ ಬೇರೇನೋ ಯೋಚಿಸುತ್ತಲೇ ಹೇಳಿದಳು. ಹಡಗು ನಡೆಸುವವರು ನಿಲ್ಲುವ ಕೋಣೆಯಲ್ಲಿ ಇರುತ್ತದೆ, ಅದು ಬಹಳ ಎತ್ತರ. ತನ್ನ ಹಡಗಿನಲ್ಲಿ ನೀರಿನಿಂದ ಇಪ್ಪತ್ತೈದು ಮೀಟರು ಎಂದು ಸಿದ್ದರಾಮೇಶನೇ ಒಮ್ಮೆ ಹೇಳಿದ್ದ. ಮೇಲೆ ಹೋದಷ್ಟೂ ಒತ್ತಡ ಕಡಿಮೆ ತೋರಿಸುತ್ತದೆ. ಎಂಟು ಮೀಟರಿಗೆ ಒಂದು ಮಿಲಿಬಾರಿನಂತೆ ಅದಕ್ಕೆ ಕೂಡಿಸಬೇಕು, ಆಗ ಸಮುದ್ರದ ಮೇಲಿನ ಲೆಕ್ಕವಾಗುತ್ತದೆ.

"ಇಪ್ಪತ್ತೈದಕ್ಕ ಎಷ್ಟು ಆತು?"

"ಮೂರು ಆತ್ರಿ. ಆದ್ರ ಅದನ್ನ ಯಾರೂ ಕೂಡಸೂದು ಬ್ಯಾಡ್ರಿ ಮಾವಾರ. ಓದಿದ್ದು ಹಂಗ ಹಾಕಿದ್ರ ಸಾಕು, ಹಡಗಿನ ಕಂಪ್ಯೂಟರ್ ತಾನ ಕೂಡಸಿ ಕಳಸತೈತಿ."

ಹೊನ್ನೂರಪ್ಪ ಇಷ್ಟು ವರ್ಷ ಹೆಂಡತಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಒಂದು ಮಾತು ತಾನಾಗಿಯೇ ಬಾಯಿಗೆ ಬಂದು ನಿಂತಿತ್ತು.

ಅದು ಹೀಗೆ. ಒಂದು ವರ್ಷ ಮಳೆಗೆ ಕಾಲುವೆಯ ಗೋಡೆ ಕುಸಿದು ಗೇಜ್ ಕಿತ್ತುಹೋಯಿತು. ಗೋಡೆ ಕಟ್ಟಿದವರು ಹೊಸ ಪಟ್ಟಿಯನ್ನು ನಾಲ್ಕು ಇಂಚು ಮೇಲಕ್ಕೆ ಬಡಿದು ಹೋದರು. ನೀರು ಮೂರು ಅಡಿ ಇದ್ದರೆ ಪಟ್ಟಿ ಎರಡು ಅಡಿ ಎಂಟು ಇಂಚು ಅನ್ನುತ್ತಿತ್ತು. ಅದನ್ನು ಮೊದಲು ಕಂಡುಹಿಡಿದವನು ಹೊನ್ನೂರಪ್ಪನೇ. ಆಫೀಸಿಗೆ ಹೇಳಿದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸರಿ, ದಿನಾ ತಾನೇ ಮನಸ್ಸಿನಲ್ಲಿ ನಾಲ್ಕು ಇಂಚು ಕೂಡಿಸಿ ಹೇಳತೊಡಗಿದ. ಮಗನಿಗೂ ಅದನ್ನೇ ಹೇಳಿಕೊಟ್ಟ. ಆಫೀಸಿನವರನ್ನು ನಂಬಬಾರದು, ನಮ್ಮ ತಿದ್ದುಪಡಿ ನಾವೇ ಮಾಡಿ ಕಳಿಸಬೇಕು, ಯಾರಿಗೂ ಹೇಳಬೇಕಾಗಿಲ್ಲ. ಇದನ್ನು ಒಂದು ಸಲವಲ್ಲ, ಸಾವಿರ ಸಲ ಹೇಳಿದ್ದ, ಸಿದ್ದರಾಮೇಶ ಹಡಗಿಗೆ ಹೊರಟ ದಿನವೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೇಳಿದ್ದ.

ಅವನು ಯಾರಿಗೂ ಹೇಳದೆ ಉಳಿಸಿದ್ದು ಮುಂದಿನ ಕಥೆ. ಆಫೀಸಿಗೆ ಹೊಸದಾಗಿ ಬಂದ ಗುಮಾಸ್ತೆ ಹಳೆಯ ಅರ್ಜಿ ಓದಿ, ಪಾಪ, ತಾನೂ ನಾಲ್ಕು ಇಂಚು ಕೂಡಿಸತೊಡಗಿದ್ದ. ಇಲ್ಲಿ ನಾಲ್ಕು, ಅಲ್ಲಿ ನಾಲ್ಕು. ಎರಡು ಹಂಗಾಮು ಕಾಲುವೆಯಲ್ಲಿ ಇಲ್ಲದ ನಾಲ್ಕು ಇಂಚು ನೀರು ಕಾಗದದ ಮೇಲೆ ಹರಿಯಿತು, ಕೆಳಭಾಗದ ರೈತರಿಗೆ ಅಷ್ಟು ನೀರು ಕಡಿಮೆ ಬಂತು. ಅವರು ಬಂದು ಆಫೀಸಿನ ಮುಂದೆ ಕೂತರು. ಕೊನೆಗೆ ತಪ್ಪು ಸಿಕ್ಕಿತು. ಹೊನ್ನೂರಪ್ಪನ ಮುಂದೆಯೇ ಸಿಕ್ಕಿತು. ಗುಮಾಸ್ತೆ ಒಳ್ಳೆಯವನಿದ್ದ, ಹೊರಗೆ ಬಿಡಲಿಲ್ಲ. ಊರಲ್ಲಿ ಗೇಜ್ ಹೊನ್ನೂರಪ್ಪನ ಹೆಸರು ಹಾಗೇ ಉಳಿಯಿತು, ಮಗನಿಗೆ ಕೊಟ್ಟ ಪಾಠವೂ ಹಾಗೇ ಉಳಿಯಿತು.

ಈಗ ಅವನು ಆ ಕೆಂಪು ಸಾಲಿನ ಮೇಲೆ ಬೆರಳಿಟ್ಟ.

"ಯವ್ವಾ, ಇಂವ ಎರಡು ಸಲ ಕೂಡಸ್ಯಾನ," ಎಂದ. "ಓದಿ ಒಮ್ಮೆ ತಾನು ಕೂಡಸ್ಯಾನ, ಆಮ್ಯಾಲ ಕಂಪ್ಯೂಟರ್ ಕೂಡಸೈತಿ. ಇಂಥಾ ಗಲತಿ ಮಾಡಾಂವ ಆ ಸಮುದ್ರದಾಗ ಒಬ್ಬನ ಅದಾನ. ಯಾಕಂದ್ರ ಅವಂಗ ಕಲಿಸಿದಾಂವ ನಾನ."

ಆಮೇಲೆ ಅವನು ನಾಲ್ಕು ಇಂಚಿನ ಕಥೆ ಪೂರ್ತಿ ಹೇಳಿದ, ಕೆಳಭಾಗದ ರೈತರು ಬಂದು ಕೂತದ್ದನ್ನೂ ಬಿಡಲಿಲ್ಲ. ಹೇಳುವಾಗ ಸೊಸೆಯ ಮುಖ ನೋಡಲಿಲ್ಲ. ಹಿಂದೆ ಒಲೆಯ ಮುಂದೆ ರೊಟ್ಟಿ ಬಡಿಯುವ ಸದ್ದು ನಿಂತದ್ದು ಕೇಳಿಸಿತು, ಅತ್ತ ಕಡೆಯೂ ತಿರುಗಲಿಲ್ಲ.

ಒಂದು ಅಂಕಿ ಹೊಂದಿತೆಂದು ಕುಣಿಯುವ ಜಾತಿಯವಳಲ್ಲ ಮಮತಾ. ಬ್ಯಾರೋಮೀಟರು ಕೆಟ್ಟ ಬೇರೆ ಯಾವುದೋ ಹಡಗೂ ಇರಬಹುದಲ್ಲ ಎಂದಳು. ಹೊನ್ನೂರಪ್ಪನಿಗೆ ಅವಳನ್ನು ಅಲ್ಲಾಡಿಸಿಬಿಡಬೇಕು ಅನ್ನಿಸಿತು. ಆದರೆ ಅವಳ ಕೈ ಆಗಲೇ ಕೆಲಸಕ್ಕೆ ಹತ್ತಿತ್ತು. ರದ್ದಿಗೆ ಹಾಕಿದ್ದನ್ನು ಅವಳು ಅಳಿಸುತ್ತಿರಲಿಲ್ಲ, ಒಂದು ಕಡೆ ಗುಡ್ಡೆ ಹಾಕಿಟ್ಟಿದ್ದಳು. ಆರು ತಿಂಗಳ ರದ್ದಿ. ಸಿದ್ದರಾಮೇಶ ಆ ಹಡಗು ಹತ್ತಿ ಆರು ತಿಂಗಳಾಗಿತ್ತು.

ಮೊಬೈಲು ತೆಗೆದು ಗಂಡನ ಹಳೆಯ ಸಂದೇಶಗಳನ್ನು ನೋಡುತ್ತ ಹೋದಳು. ಇವತ್ತು ಇಂಥ ಕಡೆ ಇದ್ದೇವೆ, ಇವತ್ತು ಅಂಡಮಾನ್ ದಾಟಿದೆವು, ನಾಳೆ ಬಂದರು ಮುಟ್ಟುತ್ತೇವೆ ಎಂದು ಅವನು ಬರೆದ ದಿನಗಳನ್ನು ಒಂದು ಹಾಳೆಯ ಮೇಲೆ ಗುರುತು ಮಾಡಿಕೊಂಡಳು. ಅಂಥವು ಒಂಬತ್ತು ದಿನ ಸಿಕ್ಕವು. ಒಂದೊಂದು ದಿನದ ರದ್ದಿ ತೆರೆದಳು. ಅಲ್ಲಲ್ಲೇ, ಅವನು ಇದ್ದೇನೆಂದು ಹೇಳಿದ ಜಾಗದಲ್ಲೇ, ಒಂದು ಹೆಸರಿಲ್ಲದ ಹಡಗು ಮೂರು ಮಿಲಿಬಾರ್ ಹೆಚ್ಚು ಹೇಳಿ ಕೂತಿತ್ತು. ಒಂಬತ್ತಕ್ಕೆ ಒಂಬತ್ತೂ. ಶನಿವಾರದ್ದೂ ಇತ್ತು, ಸಂದೇಶ ಬಂದ ಹೊತ್ತಿನ ಆಸುಪಾಸಿನದ್ದು.

ಅವಳಿಗೆ ಇನ್ನೊಂದು ಕಂಡಿತು. ಈ ತಪ್ಪು ಬೆಳಗಿನ ಹನ್ನೊಂದೂವರೆಗೂ ರಾತ್ರಿಯ ಹನ್ನೊಂದೂವರೆಗೂ ಮಾತ್ರ ಬರುತ್ತಿತ್ತು. ಅದೇ ದಾರಿಯ ಮೇಲೆ ಬೆಳಗಿನ ಐದೂವರೆ, ಸಂಜೆಯ ಐದೂವರೆಯ ಅಂಕಿಗಳು ಸರಿಯಾಗಿದ್ದವು. ಹಡಗಿನಲ್ಲಿ ಪಾಳಿ ಇರುತ್ತದೆ. ಬೆಳಿಗ್ಗೆಯೂ ರಾತ್ರಿಯೂ ಎಂಟರಿಂದ ಹನ್ನೆರಡರ ಪಾಳಿ ಸಿದ್ದರಾಮೇಶನದು. ಬೇರೆಯವರು ಓದಿದಾಗ ಸರಿ, ಇವನು ಓದಿದಾಗ ಮಾತ್ರ ಮೂರು ಹೆಚ್ಚು. ಅಂದರೆ ಈ ಹೊತ್ತಿನ ಕೆಂಪು ಸಾಲು ಹಡಗು ತೇಲುತ್ತಿದೆ ಎಂದಷ್ಟೇ ಹೇಳುತ್ತಿರಲಿಲ್ಲ. ಎರಡು ಗಂಟೆಯ ಹಿಂದೆ ಸಿದ್ದರಾಮೇಶ ತನ್ನ ಕಾಲ ಮೇಲೆ ತಾನು ನಿಂತು, ಬ್ಯಾರೋಮೀಟರು ನೋಡಿ, ಅಪ್ಪ ಹೇಳಿಕೊಟ್ಟಂತೆ ಮನಸ್ಸಿನಲ್ಲಿ ಮೂರು ಕೂಡಿಸಿ, ತಪ್ಪು ಬರೆದಿದ್ದ.

"ಎಲ್ಲಿ ಅದಾನ?" ಎಂದ ಹೊನ್ನೂರಪ್ಪ.

ಮಮತಾ ನಕ್ಷೆಯ ಮೇಲೆ ತೋರಿಸಿದಳು. ಒತ್ತೊತ್ತು ಗೆರೆಗಳಿಂದ ನಾನೂರೈವತ್ತು ಕಿಲೋಮೀಟರು ದಕ್ಷಿಣಕ್ಕೆ, ಗೆರೆಗಳು ಅಗಲವಾಗಿ ಬಿಡಿಬಿಡಿಯಾಗಿ ಹರಡಿದ ಕಡೆ. ಅಲೆ ಇದೆ, ಗಾಳಿಯೂ ಇದೆ, ಆದರೆ ಅಷ್ಟು ದೊಡ್ಡ ಹಡಗಿಗೆ ಅದೇನೂ ಲೆಕ್ಕವಲ್ಲ. ಕಪ್ತಾನ ಶನಿವಾರವೇ ತಿರುಗಿಸಿದ್ದಾನೆ. ಚಂಡಮಾರುತ ಹೋಗುತ್ತಿರುವುದು ಉತ್ತರಕ್ಕೆ, ಇವರಿಂದ ದೂರ ದೂರಕ್ಕೆ. ಇಷ್ಟು ಹೇಳಿ ಮುಗಿಸುವವರೆಗೂ ಅವಳು ಕಾಲೇಜಿನ ಮೇಡಮ್ಮಿನ ಹಾಗೇ ಇದ್ದಳು. ಮುಗಿದ ಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ಆರು ತಿಂಗಳಿಂದ ಅವರು ದಿನಾ ಎರಡು ಹೊತ್ತು ಹೇಳಾಕತ್ತಾರ್ರಿ, ಇಲ್ಲಿ ಅದೀನಿ, ಇಲ್ಲಿ ಅದೀನಿ ಅಂತ," ಎಂದಳು ಅಳುತ್ತಲೇ. "ನಾನ ಅದನ್ನ ದಿನಾ ರದ್ದಿಗೆ ಹಾಕೀನಿ."

ಹೊನ್ನೂರಪ್ಪನಿಗೆ ಸೊಸೆಯ ತಲೆ ಸವರಬೇಕು ಅನ್ನಿಸಿತು, ಆದರೆ ನಮ್ಮ ಮನೆಗಳಲ್ಲಿ ಮಾವಂದಿರು ಹಾಗೆ ಮಾಡುವುದಿಲ್ಲ. ಅದಕ್ಕೆ ಅವಳ ಮುಂದೆ ತನ್ನ ಹೆಗಲ ಮೇಲಿನ ವಲ್ಲಿ ಇಟ್ಟ, ಕಣ್ಣೊರೆಸಿಕೊಳ್ಳಲು. ಅದು ಬೆಳಿಗ್ಗೆ ಎತ್ತಿನ ಮೈ ಒರೆಸಿದ ವಲ್ಲಿ ಎಂದು ಇಟ್ಟ ಮೇಲೆ ನೆನಪಾಯಿತು. ಅಳುತ್ತಿದ್ದ ಮಮತಾ ಅದರ ವಾಸನೆಗೆ ನಕ್ಕುಬಿಟ್ಟಳು. ಎರಡು ದಿನದಲ್ಲಿ ಆ ಮನೆಯಲ್ಲಿ ನಕ್ಕದ್ದು ಅದೇ ಮೊದಲು.

ಮುದುಕಮ್ಮ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ಮಿಲಿಬಾರು, ಪಾಳಿ, ನಕ್ಷೆ ಯಾವುದೂ ಆಕೆಗೆ ಬೇಕಾಗಿರಲಿಲ್ಲ. ಅದಾನೋ ಇಲ್ಲವೋ, ಇಷ್ಟು ಹೇಳು ಎಂದಳು ಸೊಸೆಗೆ. ಅದಾರ್ರಿ ಎಂದಳು ಮಮತಾ, ಇವತ್ತು ಹನ್ನೊಂದೂವರೆಗೆ ಇದ್ದರು, ಆರಾಮ ಇದ್ದರು. ಮುದುಕಮ್ಮ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಗಂಡನ ಕಡೆ ನೋಡಿ, ಅವತ್ತು ಕೆಳಭಾಗದ ಹೊಲ ಒಣಗಿಸಿದ್ದು ನೀವೇ ಏನು ಹಾಗಾದರೆ, ನಮ್ಮ ತಮ್ಮನ ಹೊಲವೂ ಅದರಲ್ಲೇ ಇತ್ತು ಎಂದಳು. ಹೊನ್ನೂರಪ್ಪ ಹೌದೆಂದ. ಈ ಹೊಡೆತ ಅವನು ನಿರೀಕ್ಷಿಸಿದ್ದೇ. ಆದರೆ ಆಕೆ ಜಗಳಕ್ಕೆ ನಿಲ್ಲದೆ ಒಲೆಯ ಕಡೆ ಹೋಗಿ ರೊಟ್ಟಿಯ ಗಂಟು ತಂದಿಟ್ಟಳು. ಮೂವರೂ ಹೊಟ್ಟೆ ಬಿರಿಯುವಂತೆ ಉಂಡರು. ಉಳಿದದ್ದನ್ನು ಭತ್ತ ಕೊಯ್ಯುವ ಮಷೀನಿನವರಿಗೆ ಕೊಟ್ಟು ಕಳಿಸಿದರು.

ಸೋಮವಾರ ಸಂಜೆ ಫೋನ್ ಬಂತು. ಮನೆಗೆ ಮಾತಾಡುವ ಆಂಟೆನಾ ಗಾಳಿಗೆ ಮುರಿದಿತ್ತಂತೆ, ಈಗ ಸರಿಮಾಡಿದ್ದಾರೆ. ಹವಾಮಾನದ ಸಂದೇಶ ಕಳಿಸುವ ಪೆಟ್ಟಿಗೆ ಬೇರೆ ಇತ್ತು, ಅದಕ್ಕೇನೂ ಆಗಿರಲಿಲ್ಲ. ನೀವೆಲ್ಲ ಬಹಳ ಹೆದರಿದ್ದಿರಬೇಕು ಎಂದ ಸಿದ್ದರಾಮೇಶ. ಹೆದರಿದ್ದು ಭಾನುವಾರ ಮಧ್ಯಾಹ್ನದವರೆಗೆ ಮಾತ್ರ ಎಂದಳು ಮಮತಾ, ಆಮೇಲೆ ಅವನ ಹಡಗು ಎಲ್ಲಿತ್ತೆಂದು ನ್ಯಾವಿಗೇಶನ್ ಚಾರ್ಟು ನೋಡಿ ಹೇಳುವ ಹಾಗೆ ಹೇಳಿದಳು. ಹೇಗೆ ಗೊತ್ತಾಯಿತು ಎಂದ ಸಿದ್ದರಾಮೇಶ. ಅವಳು ಫೋನನ್ನು ಮಾವನ ಕೈಗೆ ಕೊಟ್ಟಳು. ಅದು ನೀವೇ ಹೇಳಬೇಕಾದ ಮಾತು ಎನ್ನುವ ಹಾಗಿತ್ತು ಕೊಟ್ಟ ರೀತಿ.

ಹೊನ್ನೂರಪ್ಪ ಎದ್ದು ಅಂಗಳಕ್ಕೆ ಹೋದ. ಮೊದಲು ಊಟವಾಯಿತಾ ಎಂದು ಕೇಳಿದ.

"ಸಿದ್ದು, ನಾ ನಿನಗ ಒಂದು ತಪ್ಪು ಕಲಿಸೀನಿ," ಎಂದ. "ಇನ್ನ ಮುಂದ ಏನೂ ಕೂಡಸಬ್ಯಾಡ. ಗೇಜ್ ಏನು ತೋರಸತೈತಿ ಅಷ್ಟ ಬರಿ. ಆ ಕಡೆ ಕೂತಾರೂ ಲೆಕ್ಕ ಬಲ್ಲಾರ ಇರತಾರ."

ನಾಲ್ಕು ಇಂಚಿನ ಕಥೆ ಎರಡು ದಿನದಲ್ಲಿ ಎರಡನೆಯ ಸಲ ಹೇಳುವಾಗ ಅಷ್ಟು ಕಷ್ಟವಾಗಲಿಲ್ಲ. ಮಗ ಪೂರ್ತಿ ಕೇಳಿದ. ಆರು ತಿಂಗಳು ತಪ್ಪು ಅಂಕಿ ಕಳಿಸಿದೆನೇ ಎಂದು ಅವನಿಗೆ ನಾಚಿಕೆಯಾಯಿತು, ಕಪ್ತಾನನಿಗೆ ಹೇಳಬೇಕು, ಹವಾಮಾನದವರಿಗೂ ಬರೆಯಬೇಕು ಎಂದ. ಬರಿ ಎಂದ ಹೊನ್ನೂರಪ್ಪ, ನಾನು ಬರೆಯಲಿಲ್ಲ, ನೀನು ಬರಿ. ಆಮೇಲೆ ಇಬ್ಬರಿಗೂ ಮಾತು ಮುಗಿಯಿತು. ಫೋನು ಮಾತ್ರ ಇಬ್ಬರೂ ಇಡಲಿಲ್ಲ, ಹಾಗೇ ಹಿಡಿದುಕೊಂಡು ನಿಂತಿದ್ದರು.

ಮಂಗಳವಾರ ಮಮತಾ ಕಾಲೇಜಿಗೆ ರಜೆ ಹಾಕಿದ್ದಳು. ಮಧ್ಯಾಹ್ನ ಒಂದೂವರೆಗೆ ಮಾವ ಸೊಸೆ ಇಬ್ಬರೂ ಪಟ್ಟಿಯ ಮುಂದೆ ಕೂತರು. ಚಂಡಮಾರುತ ದಡ ಮುಟ್ಟಿ ಕರಗಿತ್ತು, ನಕ್ಷೆಯ ಗೆರೆಗಳು ಸಡಿಲವಾಗಿ ಮಲಗಿದ್ದವು. ಬಂಗಾಳ ಕೊಲ್ಲಿಯಲ್ಲಿ ಇಪ್ಪತ್ತೊಂದು ಹಡಗು. ಎಲ್ಲವೂ ಕಪ್ಪಕ್ಷರದಲ್ಲಿದ್ದವು, ಕೆಂಪು ಒಂದೂ ಇರಲಿಲ್ಲ. ಹೊನ್ನೂರಪ್ಪ ಕನ್ನಡಕ ಏರಿಸಿಕೊಂಡು ಮೇಲಿಂದ ಕೆಳಗೆ ಒಮ್ಮೆ, ಕೆಳಗಿಂದ ಮೇಲೆ ಒಮ್ಮೆ ನೋಡಿದ.

"ಇದರಾಗ ನಮ್ಮಾಂವ ಯಾಂವ?"

"ಗೊತ್ತಾಗಂಗಿಲ್ರಿ ಮಾವಾರ," ಎಂದಳು ಮಮತಾ. "ಎಲ್ಲಾ ಸರಿ ಅದಾವ."

ಹೊನ್ನೂರಪ್ಪ ಇನ್ನೊಂದು ಸಲ ಪಟ್ಟಿ ನೋಡಿದ. ಇಪ್ಪತ್ತೊಂದು ಹಡಗುಗಳಲ್ಲಿ ಇಪ್ಪತ್ತೊಂದು ಜನ ಎದ್ದು ನಿಂತು ಗೇಜ್ ಓದಿದ್ದಾರೆ, ಎಲ್ಲರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ. ಅವರೊಳಗೆ ಒಬ್ಬ ತನ್ನ ಮಗ. ಇಷ್ಟು ಸಾಕು ಅನ್ನಿಸಿತು. ಒಳಗೆ ಹೋಗಿ ಚಾಪೆ ಹಾಸಿಕೊಂಡು ಮಲಗಿದ. ಶನಿವಾರದಿಂದ ನೆಟ್ಟಗೆ ಕಣ್ಣು ಮುಚ್ಚಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮುದುಕಮ್ಮ ಎಬ್ಬಿಸಲು ಬಂದಳು. ಅವನು ಗೊರಕೆ ಹೊಡೆಯುವುದನ್ನು ನೋಡಿ, ಎಬ್ಬಿಸದೆ ಹೊದಿಕೆ ಹೊದಿಸಿ ಹೋದಳು.